ಇಡ್ಲಿ ಮೂರು, ದೋಸೆ ನಾಲ್ಕು? ಕೀಬೋರ್ಡ್ ಮುಟ್ಟೋ ಮೊದಲು ಕನ್ನಡದಲ್ಲಿ ಹೇಳಿಸಿ

ಜಾವಾ ಲ್ಯಾಬಲ್ಲಿ ಯಾರ ಪ್ರೋಗ್ರಾಂ ಕೈಕೊಟ್ಟರೂ ಮುಂದೆ ನಡೆಯೋದು ಒಂದೇ. ಪಕ್ಕದವನು ಕೀಬೋರ್ಡನ್ನ ತನ್ನ ಕಡೆ ಎಳ್ಕೊಳ್ತಾನೆ, ಮೂರು ಲೈನ್ ಅಳಿಸ್ತಾನೆ, ಒಂದು ಲೈನ್ ಬರೀತಾನೆ, ರನ್ ಮಾಡ್ತಾನೆ. "ಆಯ್ತು ನೋಡು ಮಗಾ." ಔಟ್‌ಪುಟ್ ಸರಿ ಬರುತ್ತೆ, ಅದು ರೆಕಾರ್ಡ್ ಬುಕ್ಕಿಗೆ ಹೋಗುತ್ತೆ, ಸಹಿ ಬೀಳುತ್ತೆ. ಇದನ್ನ ನಾವೆಲ್ಲ ಸಹಾಯ ಅಂತ ಕರೀತೀವಿ. ನನ್ನ ಅಭಿಪ್ರಾಯದಲ್ಲಿ ಇದರಿಂದ ಆಗೋ ನಷ್ಟವೇ ಜಾಸ್ತಿ. ಕೋಡ್ ಸರಿಯಾಗುತ್ತೆ, ಅದನ್ನ ಬರೆದವನ ತಲೆಯಲ್ಲಿರೋ ತಪ್ಪು ಹಾಗೇ ಉಳಿಯುತ್ತೆ.

ನಾನು ಹೇಳಬೇಕು ಅಂತಿರೋದು ಇಷ್ಟು: ಯಾರಾದರೂ "ಯಾಕೋ ಬರ್ತಿಲ್ಲ, ಸ್ವಲ್ಪ ನೋಡು" ಅಂದಾಗ ಕೀಬೋರ್ಡ್ ಮುಟ್ಟಬೇಡಿ. ಒಂದು ಹಾಳೆ, ಒಂದು ಪೆನ್ ಕೊಡಿ. "ನಿನ್ನ ಕೋಡ್ ಏನು ಮಾಡುತ್ತೆ ಅಂತ ಒಂದೊಂದೇ ಲೈನ್ ಕನ್ನಡದಲ್ಲಿ ಹೇಳು" ಅನ್ನಿ. ಮನೆಯಲ್ಲಿ ತುಳು ಮಾತಾಡೋರು ತುಳುವಲ್ಲಿ ಹೇಳಲಿ, ಉರ್ದು ಮಾತಾಡೋರು ಉರ್ದುವಲ್ಲಿ ಹೇಳಲಿ. ನಾನು ಎಲ್‌ಕೆಜಿಯಿಂದ ಇಲ್ಲಿವರೆಗೂ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲೇ. ಭಾಷಾಭಿಮಾನದ ಭಾಷಣ ಮಾಡೋಕೆ ಈ ಲೇಖನ ಬರೀತಿಲ್ಲ. ಡಿಬಗ್ ಮಾಡೋಕೆ ಇದು ನಿಜವಾಗಲೂ ಕೆಲಸ ಮಾಡುತ್ತೆ, ಅದಕ್ಕೆ ಬರೀತಿದೀನಿ.

ಉದಾಹರಣೆಗೆ ಎಲ್ಲರೂ ಬರೆಯೋ ಒಂದು ಪ್ರೋಗ್ರಾಂ ತಗೊಳ್ಳೋಣ. ಒಂದು ಪಟ್ಟಿ ಕೊಟ್ಟಿರ್ತಾರೆ, ಅದರಲ್ಲಿ ಯಾವ ಐಟಂ ಎಷ್ಟು ಸಲ ಬಂದಿದೆ ಅಂತ ಎಣಿಸಬೇಕು. ಕ್ಯಾಂಟೀನ್ ಆರ್ಡರ್ ಅಂತ ಇಟ್ಕೊಳ್ಳಿ: ಇಡ್ಲಿ, ದೋಸೆ, ಇಡ್ಲಿ, ವಡೆ, ಇಡ್ಲಿ, ದೋಸೆ. ಉತ್ತರ ಇಡ್ಲಿ 3, ದೋಸೆ 2, ವಡೆ 1. ಜಾವಾದಲ್ಲಿ ಇದಕ್ಕೆ ಹ್ಯಾಶ್‌ಮ್ಯಾಪ್ ಬಳಸ್ತೀವಿ. ಮ್ಯಾಪ್ ಅಂದ್ರೆ ಎರಡು ಕಾಲಂ ಇರೋ ಪಟ್ಟಿ. ಎಡಗಡೆ ಕೀ, ಅಂದ್ರೆ ಐಟಂ ಹೆಸರು. ಬಲಗಡೆ ವ್ಯಾಲ್ಯೂ, ಅಂದ್ರೆ ಲೆಕ್ಕ. ಗೆಟ್ ಅಂದ್ರೆ ಆ ಹೆಸರಿನ ಲೆಕ್ಕ ನೋಡೋದು, ಪುಟ್ ಅಂದ್ರೆ ಬರೆಯೋದು. ಮೆಕ್ಯಾನಿಕಲ್, ಸಿವಿಲ್ ಗೆಳೆಯರೂ ಇಷ್ಟು ತಿಳ್ಕೊಂಡ್ರೆ ಸಾಕು, ಮುಂದಿನದು ಅರ್ಥ ಆಗುತ್ತೆ.

ನಮ್ಮ ಜೊತೆ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದ ಒಬ್ಬ ಗೆಳೆಯ ಇದಾನೆ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಇದೇ ಪ್ರೋಗ್ರಾಂ ಬರೆದಿದ್ದ, ಇಡ್ಲಿ 3, ವಡೆ 1 ಸರಿಯಾಗೇ ಬರ್ತಿತ್ತು, ದೋಸೆ ಮಾತ್ರ 4 ಅಂತ ಬರ್ತಿತ್ತು. ಎರಡೇ ದೋಸೆ ಹೇಳಿದ್ದು, ನಾಲ್ಕರ ಬಿಲ್! ಲ್ಯಾಬಲ್ಲಿ ಮೂರು ಜನ ಮೂರು ಥರ ಸರಿ ಮಾಡಿಕೊಟ್ರು. ಒಬ್ಬ ಗೆಟ್‌ಆರ್‌ಡಿಫಾಲ್ಟ್ ಹಾಕಿದ. ಇನ್ನೊಬ್ಬ ಮರ್ಜ್ ಅಂತ ಒಂದೇ ಲೈನ್ ಬರೆದ. ಮೂರನೆಯವಳು ಎಐ ಕೊಟ್ಟಿದ್ದನ್ನ ಪೇಸ್ಟ್ ಮಾಡಿದ್ಲು. ಮೂರೂ ಸರಿಯಾದ ಕೋಡೇ. ಅವನು ಮರ್ಜ್ ಲೈನನ್ನ ಬಾಯಿಪಾಠ ಮಾಡಿದ, ಯಾಕಂದ್ರೆ ಅದು ಚಿಕ್ಕದು.

ಇಂಟರ್ನಲ್ಸ್‌ನಲ್ಲಿ ಪ್ರಶ್ನೆ ಸ್ವಲ್ಪ ಬದಲಾಯ್ತು. ಎಷ್ಟು ಸಲ ಅನ್ನೋದರ ಬದಲು, ಪ್ರತಿ ಐಟಂನಿಂದ ಒಟ್ಟು ಎಷ್ಟು ದುಡ್ಡು ಬಂತು ಅಂತ ಕೇಳಿದ್ರು. ಅವನು ಕಲಿತಿದ್ದ ಲೈನಲ್ಲಿ ಒಂದು ಅನ್ನೋ ಅಂಕಿ ಇದ್ದ ಜಾಗದಲ್ಲಿ ಬೆಲೆ ಹಾಕಿದ್ರೆ ಮುಗೀತಿತ್ತು, ಬೇರೇನೂ ಬೇಡ. ಆದ್ರೆ ಆ ಒಂದು ಅಲ್ಲಿ ಯಾಕಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅವನನ್ನೂ ಯಾರೂ ಕೇಳಿರಲಿಲ್ಲ. ಅರ್ಧ ಪೇಪರ್ ಖಾಲಿ ಬಿಟ್ಟು ಬಂದ. "ಕೋಡಿಂಗ್ ನನ್ನಂಥವರಿಗಲ್ಲ ಗುರು, ಇಂಗ್ಲಿಷ್ ಮೀಡಿಯಂನವರಿಗೆ ಸರಿ" ಅಂದ. ನನಗೆ ಸಿಟ್ಟು ಬಂದಿದ್ದು ಆ ಮಾತಿಗೆ. ಎರಡು ದೋಸೆ ಎಣಿಸೋಕೆ ಯಾವ ಮೀಡಿಯಂ ಬೇಕು?

ಆಮೇಲೆ ಹಾಸ್ಟೆಲಲ್ಲಿ ಅವನ ಹಳೇ ಕೋಡನ್ನೇ ತೆಗೆಸಿ ಓದಿಸಿದೆ. ಮೊದಲು ಇಂಗ್ಲಿಷಲ್ಲೇ ಓದಿದ: ಮ್ಯಾಪ್ ಕಂಟೇನ್ಸ್ ಕೀ ಆದ್ರೆ ಕೌಂಟ್ ಇನ್‌ಕ್ರಿಮೆಂಟ್, ಆಮೇಲೆ ಪುಟ್. ಕೇಳಿದ್ರೆ ಎಲ್ಲ ಸರಿಯಾಗೇ ಇದೆ ಅನ್ಸುತ್ತೆ. ಇಲ್ಲೇ ಇರೋದು ತೊಂದರೆ. ಜಾವಾದ ಪದಗಳೇ ಇಂಗ್ಲಿಷ್ ಪದಗಳು. ಹಾಗಾಗಿ ಇಂಗ್ಲಿಷಲ್ಲಿ "ವಿವರಿಸು" ಅಂದ್ರೆ ನಾವು ಕೋಡನ್ನೇ ಇನ್ನೊಂದು ಸಲ ಜೋರಾಗಿ ಓದ್ತೀವಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗಂತೂ ಇದು ಇನ್ನೂ ಸಲೀಸು. ಅರ್ಥ ಆಗದೇ ಇದ್ರೂ ನಾಲಿಗೆ ಓಡುತ್ತೆ, ವೈವಾದಲ್ಲಿ ಮಾರ್ಕ್ಸ್ ಕೂಡ ಬೀಳುತ್ತೆ. ಕನ್ನಡದಲ್ಲಿ ಹೇಳಬೇಕಾದ್ರೆ ಕೋಡನ್ನ ಹಾಗೇ ಓದೋಕಾಗಲ್ಲ. ಏನು ನಡೀತಿದೆ ಅಂತ ಯೋಚನೆ ಮಾಡಿ ಮಾತು ಹುಡುಕಬೇಕು.

ಅವನು ಕನ್ನಡದಲ್ಲಿ ಶುರು ಮಾಡಿದ: "ದೋಸೆ ಮೊದಲೇ ಪಟ್ಟಿಲಿದ್ರೆ ಲೆಕ್ಕಕ್ಕೆ ಒಂದು ಕೂಡಿಸಿ..." ಅಂತ ಹೇಳಿ ನಿಲ್ಲಿಸಿದ. ನಾನು ಕೇಳಿದ್ದು ಎರಡೇ ಪದ: "ಯಾರ ಲೆಕ್ಕಕ್ಕೆ?" ಅವನ ಕೋಡಲ್ಲಿ ಕೌಂಟ್ ಅನ್ನೋ ವೇರಿಯಬಲ್ ಲೂಪಿನ ಹೊರಗೆ ಒಂದೇ ಒಂದಿತ್ತು, ಅದರ ಶುರುವಿನ ಬೆಲೆ 1. ಹೊಸ ಐಟಂ ಬಂದ್ರೆ ಮ್ಯಾಪಲ್ಲಿ 1 ಬರೀತಿದ್ದ. ಹಳೇ ಐಟಂ ಬಂದ್ರೆ ಆ ಕೌಂಟನ್ನ ಹೆಚ್ಚಿಸಿ ಬರೀತಿದ್ದ. ಹಾಳೆ ಮೇಲೆ ಬರೆದು ನೋಡಿ. ಇಡ್ಲಿ ಹೊಸದು, 1. ದೋಸೆ ಹೊಸದು, 1. ಇಡ್ಲಿ ಮತ್ತೆ ಬಂತು, ಕೌಂಟ್ 2 ಆಯ್ತು, ಇಡ್ಲಿ 2. ವಡೆ ಹೊಸದು, 1. ಇಡ್ಲಿ ಮತ್ತೆ, ಕೌಂಟ್ 3, ಇಡ್ಲಿ 3. ಕೊನೆಗೆ ದೋಸೆ ಮತ್ತೆ ಬಂತು, ಕೌಂಟ್ 4 ಆಯ್ತು, ದೋಸೆ 4. ಇಡ್ಲಿ ತಿಂದವರ ಲೆಕ್ಕ ದೋಸೆ ತಿಂದವರ ತಲೆ ಮೇಲೆ ಬಿತ್ತು. "ಎಲ್ಲರಿಗೂ ಒಂದೇ ಕೌಂಟ್ ಇಟ್ಟಿದೀನಲ್ಲ ಗುರು!" ಅಂತ ಅವನೇ ಹೇಳಿದ. ನಾನು ಏನೂ ಹೇಳಿಕೊಡಲಿಲ್ಲ.

ಇನ್ನೊಂದು ಗಮನಿಸಿ. ಇಡ್ಲಿ, ಇಡ್ಲಿ, ವಡೆ ಅಂತ ಮೂರೇ ಐಟಂ ಕೊಟ್ಟಿದ್ರೆ ಇದೇ ತಪ್ಪು ಕೋಡ್ ಇಡ್ಲಿ 2, ವಡೆ 1 ಅಂತ ಸರಿಯಾದ ಉತ್ತರ ಕೊಡ್ತಿತ್ತು. ಒಂದೇ ಐಟಂ ಮಾತ್ರ ರಿಪೀಟ್ ಆದ್ರೆ ಈ ತಪ್ಪು ಕಾಣಲ್ಲ, ಕನಿಷ್ಠ ಎರಡು ಐಟಂ ರಿಪೀಟ್ ಆಗಬೇಕು. ಹಾಗಾಗಿ ಹಾಳೆ ಮೇಲೆ ಹಾಕೋ ಇನ್‌ಪುಟ್ ಚಿಕ್ಕದಿರಬೇಕು, ಆದ್ರೆ ತೀರಾ ಚಿಕ್ಕದಿರಬಾರದು. ಐದಾರು ಐಟಂ, ಅದರಲ್ಲಿ ಎರಡು ರಿಪೀಟ್, ಒಂದು ಒಂಟಿ. ಇದು ನನ್ನ ಅಳತೆ.

ಅವರ ಮನೆಯಲ್ಲಿ ದಿನಸಿ ಅಂಗಡಿ ಇದೆ, ಉದ್ರಿ ಪುಸ್ತಕ ಬರೆದು ಅಭ್ಯಾಸ ಇದೆ. ಅದು ಗೊತ್ತಾದ ಮೇಲೆ ನಮ್ಮ ಕೆಲಸ ಸುಲಭ ಆಯ್ತು, ಯಾಕಂದ್ರೆ ಎಣಿಸೋ ಮ್ಯಾಪ್ ಅಂದ್ರೆ ಉದ್ರಿ ಪುಸ್ತಕವೇ. ಹೆಸರಿಗೊಂದು ಪುಟ, ಪುಟದಲ್ಲಿ ಒಂದು ಲೆಕ್ಕ. ಹೊಸಬರು ಮಾಡೋ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಪುಸ್ತಕ ಇಟ್ಕೊಂಡೇ ವಿವರಿಸಬಹುದು.

ಮೊದಲನೆಯದು ಎಲ್ಲರಿಗೂ ಪರಿಚಯ ಇರೋ ಕೆಂಪು ಅಕ್ಷರ: ನಲ್ ಪಾಯಿಂಟರ್ ಎಕ್ಸೆಪ್ಷನ್. ನೇರವಾಗಿ "ಹಳೇ ಲೆಕ್ಕ ತೆಗಿ, ಒಂದು ಕೂಡಿಸು, ಬರಿ" ಅಂತ ಕೋಡ್ ಬರೆದಿರ್ತೀವಿ. ಹೊಸ ಗಿರಾಕಿಗೆ ಪುಟವೇ ಇಲ್ಲ. ಆಗ ಗೆಟ್ ಸೊನ್ನೆ ಕೊಡಲ್ಲ, ನಲ್ ಕೊಡುತ್ತೆ. ಪುಟ ಇದ್ದು ಬಾಕಿ ಸೊನ್ನೆ ಇರೋದು ಬೇರೆ, ಪುಟವೇ ಇಲ್ಲದಿರೋದು ಬೇರೆ. ಅಂಗಡಿಯವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಜಾವಾ 15ರಿಂದ ಈ ಎರರ್ ಮೆಸೇಜ್ ತಾನಾಗೇ ವಿವರವಾಗಿ ಬರುತ್ತೆ. ಮ್ಯಾಪಿನ ಗೆಟ್ ವಾಪಸ್ ಕೊಟ್ಟಿದ್ದು ನಲ್, ಅದಕ್ಕೇ ಇಂಟ್‌ವ್ಯಾಲ್ಯೂ ಕರೆಯೋಕೆ ಆಗಲಿಲ್ಲ ಅಂತ ಬಿಡಿಸಿ ಹೇಳುತ್ತೆ. "ನಾನು ಇಂಟ್‌ವ್ಯಾಲ್ಯೂ ಅಂತ ಬರೆದೇ ಇಲ್ಲವಲ್ಲ" ಅಂತ ಹೊಸಬರು ಗಾಬರಿಯಾಗ್ತಾರೆ. ಇಂಟಿಜರ್ ಆಬ್ಜೆಕ್ಟನ್ನ ಸಾದಾ ಇಂಟ್ ಮಾಡೋಕೆ ಜಾವಾನೇ ಅದನ್ನ ಒಳಗಡೆ ಸೇರಿಸಿರುತ್ತೆ. ಮೆಸೇಜನ್ನ ಪೂರ್ತಿ ಓದಿದ್ರೆ ಅರ್ಧ ಡಿಬಗ್ಗಿಂಗ್ ಅಲ್ಲೇ ಮುಗೀತು. ಓದದೇ ಇರೋಕೆ ಕಾರಣ, ಕೆಂಪು ಬಣ್ಣ ಕಂಡ ತಕ್ಷಣ ಯಾರೋ ಕೀಬೋರ್ಡ್ ಎಳ್ಕೊಂಡಿರ್ತಾರೆ. ಅಂದಹಾಗೆ, ನಲ್ ಅನ್ನೋದನ್ನ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ತಂದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನ ತಮ್ಮ ಶತಕೋಟಿ ಡಾಲರ್ ತಪ್ಪು ಅಂತ ಕರೆದ್ರು. ಹಾಗಿರೋವಾಗ ಮೊದಲ ಸಲ ಜಾವಾ ಬರೆಯೋ ಹುಡುಗ ನಲ್‌ಗೆ ಎಡವಿದ್ರೆ ನಗೋದು ಯಾಕೆ?

ಎರಡನೆಯದು, ಎಲ್ಲಾ ಲೆಕ್ಕಕ್ಕೂ ಒಂದು ಜಾಸ್ತಿ ಬರೋದು: ಇಡ್ಲಿ 4, ದೋಸೆ 3, ವಡೆ 2. ಪುಟ ಇಲ್ಲದಿದ್ರೆ ತೆರೆದು 1 ಬರೆದ್ರು. ಎಲ್ಸ್ ಹಾಕೋದು ಬಿಟ್ಟಿದ್ರಿಂದ ಅದೇ ಗಿರಾಕಿಗೆ ಇನ್ನೊಂದು ಕೂಡಿಸಿಬಿಟ್ರು. ಪುಟ ತೆರೆಯೋವಾಗ 0 ಬರೆದು ಆಮೇಲೆ ಕೂಡಿಸಿ, ಇಲ್ಲಾಂದ್ರೆ 1 ಬರೆದು ಅಲ್ಲಿಗೇ ನಿಲ್ಲಿಸಿ.

ಮೂರನೆಯದು, ಎಲ್ಲಾ ಲೆಕ್ಕವೂ 1ರಲ್ಲೇ ನಿಂತುಬಿಡೋದು. ಗೆಟ್ ಮಾಡಿ ಎನ್ ಅನ್ನೋ ವೇರಿಯಬಲ್‌ಗೆ ತಗೊಂಡ್ರು, ಎನ್ ಪ್ಲಸ್ ಪ್ಲಸ್ ಮಾಡಿದ್ರು, ವಾಪಸ್ ಪುಟ್ ಮಾಡಲಿಲ್ಲ. ಪುಸ್ತಕದ ಲೆಕ್ಕವನ್ನ ಅಂಗೈ ಮೇಲೆ ಬರ್ಕೊಂಡು ಅಂಗೈಯಲ್ಲೇ ಕೂಡಿಸಿದ ಹಾಗೆ. ಜಾವಾದಲ್ಲಿ ಇಂಟಿಜರ್ ಆಬ್ಜೆಕ್ಟ್ ಬದಲಾಗೋದೇ ಇಲ್ಲ, ಪ್ಲಸ್ ಪ್ಲಸ್ ಮಾಡಿದಾಗ ಎನ್ ಹೊಸ ಬೆಲೆ ಹಿಡ್ಕೊಳ್ಳುತ್ತೆ, ಪುಸ್ತಕದಲ್ಲಿ ಹಳೇದೇ ಇರುತ್ತೆ. ಪುಟ್ ಮಾಡಿದ್ರೂ ಅದರೊಳಗೆ ಎನ್ ಪ್ಲಸ್ ಪ್ಲಸ್ ಅಂತ ಬರೆದ್ರೆ ಹಳೇ ಬೆಲೆಯೇ ಹೋಗುತ್ತೆ, ಎನ್ ಪ್ಲಸ್ ಒಂದು ಅಂತ ಬರೀಬೇಕು.

ನಾಲ್ಕನೆಯದು ತುಂಬಾ ತಲೆ ತಿನ್ನುತ್ತೆ. ಮೊದಲು ನೆಕ್ಸ್ಟ್‌ಇಂಟ್‌ನಿಂದ ಎಷ್ಟು ಐಟಂ ಅಂತ ಓದಿ, ಆಮೇಲೆ ನೆಕ್ಸ್ಟ್‌ಲೈನ್‌ನಿಂದ ಒಂದೊಂದು ಹೆಸರು ಓದೋದು. 6 ಅಂತ ಟೈಪ್ ಮಾಡಿ ಎಂಟರ್ ಒತ್ತಿದಾಗ ಆ ಎಂಟರ್ ಓದದೇ ಉಳ್ಕೊಳ್ಳುತ್ತೆ. ಮೊದಲ ನೆಕ್ಸ್ಟ್‌ಲೈನ್‌ಗೆ ಖಾಲಿ ಸಾಲು ಸಿಗುತ್ತೆ, ಕೊನೆಯ ದೋಸೆಗೆ ಸರದಿಯೇ ಬರಲ್ಲ. ಔಟ್‌ಪುಟ್: ಹೆಸರಿಲ್ಲದ ಗಿರಾಕಿ 1, ಇಡ್ಲಿ 3, ದೋಸೆ 1, ವಡೆ 1. ಒಟ್ಟು ಕೂಡಿಸಿದ್ರೆ ಆರಕ್ಕೆ ಆರು ಸರಿ! ಮೊತ್ತ ಸರಿ ಬಂತು ಅಂತ ನಂಬಿದ್ರೆ ಕೆಟ್ಟಿರಿ. ಮ್ಯಾಪನ್ನ ಪ್ರಿಂಟ್ ಮಾಡಿದಾಗ ಎಡಗಡೆ ಏನೂ ಇಲ್ಲದೆ ಬರೀ ಈಕ್ವಲ್ ಟು 1 ಅಂತ ಕಂಡ್ರೆ ಈ ಹೆಸರಿಲ್ಲದ ಗಿರಾಕಿಯೇ ಬಂದಿರೋದು.

ಐದನೆಯದು ಸಣ್ಣ ಹಾಳೆಯಲ್ಲಿ ಸಿಗಲ್ಲ, ಅದನ್ನೂ ಹೇಳಬೇಕು. ಎರಡು ಐಟಂನ ಲೆಕ್ಕ ಸಮ ಇದೆಯಾ ಅಂತ ಎರಡು ಈಕ್ವಲ್ ಟು ಹಾಕಿ ಹೋಲಿಸ್ತೀವಿ. ಮ್ಯಾಪಿಂದ ಬರೋದು ಇಂಟಿಜರ್ ಆಬ್ಜೆಕ್ಟ್‌ಗಳು. ತಾನಾಗೇ ಬಾಕ್ಸ್ ಆಗೋವಾಗ -128ರಿಂದ 127ರವರೆಗಿನ ಬೆಲೆಗಳಿಗೆ ಜಾವಾ ಒಂದೇ ಆಬ್ಜೆಕ್ಟನ್ನ ಮತ್ತೆ ಮತ್ತೆ ಕೊಡುತ್ತೆ, ಹಾಗಾಗಿ ಹೋಲಿಕೆ ಸರಿ ಬರುತ್ತೆ. ಎರಡೂ 200 ಆದ್ರೆ ಸಾಮಾನ್ಯವಾಗಿ ಬೇರೆ ಬೇರೆ ಆಬ್ಜೆಕ್ಟ್, ಸಮ ಅಲ್ಲ ಅನ್ನುತ್ತೆ. ಇಲ್ಲಿ ಈಕ್ವಲ್ಸ್ ಬಳಸಬೇಕು. ಇದನ್ನ ಯಾರಾದ್ರೂ ಹೇಳಿಯೇ ಕೊಡಬೇಕು, ಕನ್ನಡದಲ್ಲಿ ಎಷ್ಟು ಸಲ ಓದಿದ್ರೂ ಹೊಳೆಯಲ್ಲ. ಎಲ್ಲಾ ಬಗ್ಗಿಗೂ ನನ್ನ ಮದ್ದು ಕೆಲಸ ಮಾಡುತ್ತೆ ಅಂತ ನಾನು ಹೇಳ್ತಿಲ್ಲ. ತಿಳಿಯದ ವಿಷಯ ಹೇಳಿಕೊಡೋದು ಬೇರೆ, ಅವನೇ ಹುಡುಕಬಹುದಾಗಿದ್ದನ್ನ ಕಿತ್ಕೊಳ್ಳೋದು ಬೇರೆ.

ಈಗ ಆಕ್ಷೇಪಣೆಗಳು. "ಎಐ ಎರಡು ಸೆಕೆಂಡಲ್ಲಿ ಹೇಳುತ್ತೆ, ಹಾಳೆ ಯಾಕೆ?" ಅಂತ ಕೇಳ್ತಾರೆ. ಹೇಳುತ್ತೆ, ನಾನೂ ಬಳಸ್ತೀನಿ. ಆದ್ರೆ ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಅಂತ ನೋಡೋಕೆ ದೋಸೆ 4 ಬಂದಿದ್ದು ಯಾಕೆ ಅಂತ ನಮಗೆ ಗೊತ್ತಿರಬೇಕಲ್ಲ? ಪರೀಕ್ಷಾ ಹಾಲಲ್ಲಂತೂ ಎಐ ಇರಲ್ಲ, ಪಕ್ಕದವನೂ ಇರಲ್ಲ.

"ಇಂಟರ್‌ವ್ಯೂ ಇಂಗ್ಲಿಷಲ್ಲೇ ಇರುತ್ತೆ, ಕನ್ನಡದಲ್ಲಿ ಅಭ್ಯಾಸ ಆದ್ರೆ ಕಷ್ಟ" ಅನ್ನೋದು ಇನ್ನೊಂದು ಮಾತು. ಇದರಲ್ಲಿ ಸ್ವಲ್ಪ ನಿಜ ಇದೆ. ಇಂಗ್ಲಿಷಲ್ಲಿ ಹೇಳೋದನ್ನ ಕಲೀಲೇಬೇಕು. ಆದ್ರೆ ಕ್ರಮ ಯಾವುದು ಅನ್ನೋದು ಮುಖ್ಯ. ಮೊದಲು ಅರ್ಥ, ಆಮೇಲೆ ಇಂಗ್ಲಿಷ್. ನನ್ನ ಗೆಳೆಯ ಈಗ "ಪ್ರತಿ ಕೀಗೂ ತನ್ನದೇ ಕೌಂಟ್ ಇರಬೇಕು" ಅನ್ನೋದನ್ನ ಇಂಗ್ಲಿಷಲ್ಲೂ ಹೇಳ್ತಾನೆ. ವಾಕ್ಯ ಒರಟಾಗಿರಬಹುದು, ವಿಷಯ ಗಟ್ಟಿ ಇದೆ. ನಿರರ್ಗಳವಾಗಿ ಮಾತಾಡಿ ವಿಷಯ ಇಲ್ಲದೇ ಇರೋದಕ್ಕಿಂತ ಇದು ವಾಸಿ.

"ಇದು ರಬ್ಬರ್ ಡಕ್ ಡಿಬಗ್ಗಿಂಗ್ ತಾನೇ, ಹೊಸದೇನು?" ಅಂತ ಓದಿಕೊಂಡವರು ಕೇಳಬಹುದು. ಹೌದು. 1999ರಲ್ಲಿ ಬಂದ ಹಂಟ್ ಮತ್ತು ಥಾಮಸ್ ಅವರ 'ದಿ ಪ್ರಾಗ್ಮ್ಯಾಟಿಕ್ ಪ್ರೋಗ್ರಾಮರ್' ಪುಸ್ತಕದಿಂದ ಆ ಹೆಸರು ಜನಪ್ರಿಯ ಆಯ್ತು. ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಕೊಂಡು ಅದಕ್ಕೆ ಕೋಡ್ ವಿವರಿಸೋದು. ನಾನು ಸೇರಿಸ್ತಿರೋದು ಒಂದೇ ಷರತ್ತು: ಆ ಬಾತುಕೋಳಿಗೆ ಇಂಗ್ಲಿಷ್ ಬರಬಾರದು.

ಕನ್ನಡ ಸಂಘದ ಪತ್ರಿಕೆಯಲ್ಲಿ ಬರೀತಿರೋದ್ರಿಂದ ಇನ್ನೊಂದು ಮಾತು. ಇದೇ ಪ್ರೋಗ್ರಾಂಗೆ ಇಂಗ್ಲಿಷ್ ಹೆಸರುಗಳ ಬದಲು ಕನ್ನಡ ಪಠ್ಯವನ್ನೇ ಕೊಟ್ಟು ನೋಡಿ, ಪಠ್ಯಪುಸ್ತಕದಲ್ಲಿ ಸಿಗದ ತಪ್ಪುಗಳು ಸಿಗ್ತವೆ. ಪದಗಳನ್ನ ಬಿಡಿಸೋಕೆ ಎಲ್ಲರೂ ಬ್ಯಾಕ್‌ಸ್ಲ್ಯಾಶ್ ದೊಡ್ಡ ಡಬ್ಲ್ಯೂ ಬಳಸ್ತಾರೆ. ಜಾವಾದಲ್ಲಿ ಬೇರೆ ಸೂಚನೆ ಕೊಡದೇ ಇದ್ರೆ ಅದರ ಪ್ರಕಾರ ಪದ ಅಂದ್ರೆ ಇಂಗ್ಲಿಷಿನ 26 ಅಕ್ಷರ, ಅಂಕಿ ಮತ್ತು ಅಂಡರ್‌ಸ್ಕೋರ್ ಮಾತ್ರ. ಕನ್ನಡ ಅಕ್ಷರ ಎಲ್ಲಾ "ಪದ ಅಲ್ಲ" ಅಂತ ಕತ್ತರಿಸಿ ಹೋಗುತ್ತೆ, ಮ್ಯಾಪ್ ಖಾಲಿ. ಎರರ್ ಕೂಡ ಬರಲ್ಲ. ಇನ್ನು ಅಕ್ಷರ ಎಣಿಸೋಕೆ ಹೊರಟ್ರೆ, ಕನ್ನಡ ಅನ್ನೋ ಪದದಲ್ಲಿ ನಮಗೆ ಕಾಣೋದು ಮೂರು ಅಕ್ಷರ, ಜಾವಾದ ಲೆಂಗ್ತ್ ಹೇಳೋದು 5. ಕ, ನ, ವಿರಾಮ ಚಿಹ್ನೆ, ಇನ್ನೊಂದು ನ, ಡ ಅಂತ ಬಿಡಿಬಿಡಿಯಾಗಿ ಎಣಿಸುತ್ತೆ. ಒತ್ತಕ್ಷರ ಅನ್ನೋದು ಅದಕ್ಕೆ ಒಂದು ಅಕ್ಷರ ಅಲ್ಲ. ಸಾಫ್ಟ್‌ವೇರ್ ಅನ್ನೋ ಪದವನ್ನ ಒಬ್ಬರು ಟ-ವ ನಡುವೆ ಕಣ್ಣಿಗೆ ಕಾಣದ ಜೋಡಿಸದ ಚಿಹ್ನೆ ಹಾಕಿ ಟೈಪ್ ಮಾಡ್ತಾರೆ, ಇನ್ನೊಬ್ಬರು ಹಾಕದೇ ಮಾಡ್ತಾರೆ. ಮ್ಯಾಪಿಗೆ ಅವು ಎರಡು ಬೇರೆ ಕೀ, ಒಬ್ಬನೇ ಗಿರಾಕಿಗೆ ಎರಡು ಪುಟ. ಇಂಥವನ್ನ ಹುಡುಕೋಕೆ ಕನ್ನಡ ಬಲ್ಲವರೇ ಬೇಕು. "ಕೋಡಿಂಗ್ ನನ್ನಂಥವರಿಗಲ್ಲ" ಅಂದ ಹುಡುಗ ಇಲ್ಲಿ ನಮ್ಮೆಲ್ಲರಿಗಿಂತ ಬೇಗ ತಪ್ಪು ಹಿಡೀತಾನೆ.

ಹಾಗಾಗಿ ನಮ್ಮ ಸಂಘಕ್ಕೆ ನನ್ನ ಸಲಹೆ ಇದು. ನವೆಂಬರ್‌ನಲ್ಲಿ ರಾಜ್ಯೋತ್ಸವ ಚೆನ್ನಾಗಿ ಮಾಡ್ತೀವಿ, ಮಾಡೋಣ. ಅದರ ಜೊತೆಗೆ ವಾರಕ್ಕೊಂದು ಗಂಟೆ ಯಾವುದಾದರೂ ಖಾಲಿ ಕ್ಲಾಸ್‌ರೂಮಲ್ಲಿ ಕೂರೋಣ. ಯಾರು ಬೇಕಾದ್ರೂ ಕೆಟ್ಟ ಕೋಡ್ ತರಬಹುದು, ಯಾವ ಬ್ರಾಂಚ್ ಆದ್ರೂ ಸರಿ. ನಿಯಮ ಮೂರೇ. ಸಹಾಯ ಮಾಡೋರು ಕೀಬೋರ್ಡ್ ಮುಟ್ಟಬಾರದು. ಕೋಡ್ ತಂದವರು ಐದಾರು ಸಾಲಿನ ಇನ್‌ಪುಟ್ ಇಟ್ಕೊಂಡು ಹಾಳೆ ಮೇಲೆ ಲೆಕ್ಕ ಬರೀತಾ ತಮ್ಮ ಭಾಷೇಲಿ ಹೇಳಬೇಕು. ಕೇಳೋರು ಪ್ರಶ್ನೆ ಮಾತ್ರ ಕೇಳಬೇಕು: ಯಾರ ಲೆಕ್ಕ? ಪುಟ ಇತ್ತಾ? ವಾಪಸ್ ಬರೆದ್ಯಾ? ಹತ್ತು ನಿಮಿಷ ಆದ್ರೂ ಸಿಗಲಿಲ್ಲ ಅಂದ್ರೆ ಮಾತ್ರ ಉತ್ತರ.

ಸಂಘದವರು ಒಪ್ಪೋವರೆಗೆ ಕಾಯಬೇಕಾಗಿಲ್ಲ. ನಾಳೆ ಲ್ಯಾಬಲ್ಲಿ ಯಾರಾದ್ರೂ ನಿಮ್ಮನ್ನ ಕರೆದ್ರೆ, ಎರಡೂ ಕೈ ಕಟ್ಕೊಂಡು ಕೂತು "ಹೇಳು, ಕೇಳ್ತೀನಿ" ಅನ್ನಿ. ಮೊದಲ ಎರಡು ನಿಮಿಷ ಅವರಿಗೂ ಕಿರಿಕಿರಿ, ನಿಮಗೂ ಕಿರಿಕಿರಿ. ಮೂರನೇ ನಿಮಿಷಕ್ಕೆ ಅವರು ಮಾತಿನ ಮಧ್ಯೆ ನಿಲ್ಲಿಸಿ ಸ್ಕ್ರೀನ್ ನೋಡೋಕೆ ಶುರು ಮಾಡಿದ್ರೆ ನೀವು ಸುಮ್ಮನಿರಿ, ಅವರಿಗೆ ತಪ್ಪು ಸಿಗ್ತಿದೆ.